ಒಂದು ಲಕ್ಷದ ಗೆರೆಯ ಕೆಳಗೆ

ಮೂತ್ರ ಮಾಡುವಾಗ ಉರಿ, ಗಳಿಗೆಗೊಮ್ಮೆ ಅವಸರ, ಕಿಬ್ಬೊಟ್ಟೆಯಲ್ಲಿ ನೋವು. ಲ್ಯಾಬ್ ರಿಪೋರ್ಟಿನಲ್ಲಿ ಮಾತ್ರ 'ನೋ ಗ್ರೋತ್'. ಎಷ್ಟೋ ಹೆಂಗಸರು ಈ ಕಾಗದ ಹಿಡಿದು, 'ಏನೂ ಇಲ್ಲ, ನೀರು ಜಾಸ್ತಿ ಕುಡೀರಿ' ಎಂಬ ಮಾತು ಕೇಳಿ ಮನೆಗೆ ಮರಳುತ್ತಾರೆ.

ಇದರ ಬೇರು 1956ರಲ್ಲಿದೆ. ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಯಾಸ್, ಮೂತ್ರಪಿಂಡದ ಸೋಂಕಿದ್ದವರ ಮೂತ್ರವನ್ನು ಲಕ್ಷಣಗಳಿಲ್ಲದವರ ಮೂತ್ರದೊಂದಿಗೆ ಹೋಲಿಸಿ, ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಎಂಬ ಗೆರೆ ಎಳೆದರು. ಚರ್ಮದಿಂದ ಬೆರೆತ ಕಲ್ಮಶ ಯಾವುದು, ಸೋಂಕು ಯಾವುದು ಎಂದು ಬೇರ್ಪಡಿಸಲು ಅದು ನಿಜಕ್ಕೂ ನೆರವಾಯಿತು. ಆದರೆ ಮುಂದೆ ಮೂತ್ರಕೋಶದ ಉರಿಗೂ ಅದನ್ನೇ ಹಚ್ಚಿದರು. 1982ರಲ್ಲಿ ಸಿಯಾಟಲ್‌ನ ವಾಲ್ಟರ್ ಸ್ಟಾಮ್ ತಂಡ ನೇರ ಮೂತ್ರಕೋಶದಿಂದಲೇ ಮೂತ್ರ ತೆಗೆದು ನೋಡಿದಾಗ, ಅಲ್ಲಿ ಇ. ಕೋಲಿ ಜಾತಿಯ ಬ್ಯಾಕ್ಟೀರಿಯಾ ಇದ್ದ ಹೆಂಗಸರಲ್ಲಿ ಅರ್ಧದಷ್ಟು ಜನ ಆ ಗೆರೆಯ ಕೆಳಗೇ ಉಳಿದಿದ್ದರು. ನೋವಿದ್ದವರಿಗೆ ಮಿಲಿಲೀಟರಿಗೆ ನೂರು ಸಾಕು ಎಂದಿತು ಆ ತಂಡ.

ಎಣಿಕೆ ಸರಿಪಡಿಸಿದರೂ ಇನ್ನೊಂದು ತೊಡಕು ಉಳಿಯಿತು. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ವಾಡಿಕೆಯ ಕಲ್ಚರ್ ಇ. ಕೋಲಿಗೆ ಹೊಂದುವಂಥದ್ದು: ಮಾಮೂಲಿ ಗಾಳಿ, ಒಂದು ರಾತ್ರಿ, ಬೆಳಗ್ಗೆ ಫಲಿತಾಂಶ. 1997ರಲ್ಲಿ ಹೆಸರು ಪಡೆದ ಆಕ್ಟಿನೋಬ್ಯಾಕುಲಮ್ ಶಾಲಿಯೈ (ಈಗ ಆಕ್ಟಿನೋಟಿಗ್ನಮ್) ಎಂಬ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗುವುದಿಲ್ಲ. ಅದಕ್ಕೆ ರಕ್ತ ಬೆರೆಸಿದ ಅಗರ್ ಬೇಕು. ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಅಥವಾ ಆಮ್ಲಜನಕವಿಲ್ಲದ ವಾತಾವರಣ ಬೇಕು. ಎರಡು ದಿನ ಕಾಯಬೇಕು. ಬೆಳೆದರೂ ಸಣ್ಣ ಬೂದು ಚುಕ್ಕೆ, ಚರ್ಮದ ಬ್ಯಾಕ್ಟೀರಿಯಾವೆಂದು ಸುಲಭವಾಗಿ ತಳ್ಳಿಹಾಕಬಹುದು. ಮೂತ್ರದಲ್ಲಿ ಅದ್ದಿ ನೋಡುವ ನೈಟ್ರೈಟ್ ಪಟ್ಟಿಯೂ ಇದನ್ನು ಹಿಡಿಯದು. ಹೆಚ್ಚಾಗಿ ವಯಸ್ಸಾದವರನ್ನು ಕಾಡುವ ಇದು ಕೆಲವೊಮ್ಮೆ ರಕ್ತಕ್ಕೂ ಇಳಿಯುತ್ತದೆ. ಅಂಥವರ ವಿಷಯದಲ್ಲಿ 'ಏನೂ ಇಲ್ಲ' ಎನ್ನುವುದು ಅನ್ಯಾಯವೆಂದೇ ನನ್ನ ಭಾವನೆ.

ಬ್ಯಾಕ್ಟೀರಿಯಾದ ಹೆಸರು ಪತ್ತೆ ಹಚ್ಚುವ ಕಷ್ಟ ಕಡಿಮೆಯಾದದ್ದು ಮಾಲ್ಡಿ-ಟಾಫ್ ಯಂತ್ರ ಲ್ಯಾಬಿಗೆ ಬಂದ ಮೇಲೆ. ಲೇಸರ್ ತಾಗಿದಾಗ ಹಾರುವ ಪ್ರೋಟೀನುಗಳ ತೂಕದ ವಿನ್ಯಾಸವನ್ನು ಅದು ತನ್ನ ಸಂಗ್ರಹದೊಂದಿಗೆ ಹೋಲಿಸಿ, ಕೆಲವೇ ನಿಮಿಷಗಳಲ್ಲಿ ಗುರುತು ಹೇಳುತ್ತದೆ. 2014ರಲ್ಲಿ ಶಿಕಾಗೋ ಬಳಿಯ ಲೊಯೊಲಾ ವಿಶ್ವವಿದ್ಯಾಲಯದವರು ಹೆಚ್ಚು ಮೂತ್ರ, ಹಲವು ಬಗೆಯ ವಾತಾವರಣ, ಹೆಚ್ಚು ಕಾಲ ಬಳಸಿ 65 ಮಾದರಿಗಳನ್ನು ಬೆಳೆಸಿದರು. 52ರಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಆ ಪೈಕಿ 48ಕ್ಕೆ ವಾಡಿಕೆಯ ವಿಧಾನ 'ಬೆಳವಣಿಗೆಯಿಲ್ಲ' ಎಂದಿತ್ತು. ಲಕ್ಷಣಗಳಿಲ್ಲದವರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಸಿಕ್ಕಿದ್ದರಿಂದ, ಸಿಕ್ಕಿದ್ದೆಲ್ಲ ರೋಗಕಾರಕವಲ್ಲ. ಕೀವುಕಣ, ನೋವು, ವಯಸ್ಸು ಎಲ್ಲವನ್ನೂ ವೈದ್ಯರು ಕೂಡಿಸಿ ನೋಡಬೇಕಾಗುತ್ತದೆ.

ಆದರೂ ಸರಿಯಾದ ಔಷಧಿ ಆರಿಸಲು ಹೆಸರು ತಿಳಿಯಲೇಬೇಕು. ಶಾಲಿಯೈ ಸಾಮಾನ್ಯವಾಗಿ ಸಿಪ್ರೋಫ್ಲಾಕ್ಸಸಿನ್‌ಗೆ ಬಗ್ಗುವುದಿಲ್ಲ, ಅಮಾಕ್ಸಿಸಿಲಿನ್‌ಗೆ ಬಗ್ಗುತ್ತದೆ. ಯಂತ್ರವಿಲ್ಲದ ಸಣ್ಣ ಲ್ಯಾಬಿನಲ್ಲೂ ಗಾಜಿನ ಜಾಡಿಯೊಳಗೆ ಅಗರ್ ಪ್ಲೇಟಿನ ಜೊತೆ ಮೇಣದಬತ್ತಿ ಹಚ್ಚಿ ಮುಚ್ಚಿದರೆ, ಅದು ಆರುವ ಹೊತ್ತಿಗೆ ಈ ಬ್ಯಾಕ್ಟೀರಿಯಾಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೆ ಸೇರಿರುತ್ತದೆ. ಮತ್ತೆ ಎರಡು ದಿನ ಆ ಪ್ಲೇಟನ್ನು ಎಸೆಯದೆ ಇಟ್ಟುಕೊಂಡರಾಯಿತು.