ಉದ್ಯೋಗಲೋಕದಲ್ಲಿ ಅಪರಿಚಿತರ ಪರಿಚಯ

ಕೆಲಸವನ್ನರಸಿ ಹೊರಟ ತರುಣನಿಗೆ ಬಂಧುಮಿತ್ರರ ಶಿಫಾರಸೇ ಮೊದಲ ಆಸರೆಯೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಯಾರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವರು ತಾವೇ ಮೊದಲಿಗರೋ, ಯಾರಿಗೆ ಬೆಂಗಳೂರಿನ ಯಾವ ಕಚೇರಿಯಲ್ಲಿಯೂ ತಮ್ಮವರೆಂಬವರಿಲ್ಲವೋ, ಅಂಥವರು ಯಾರನ್ನು ಆಶ್ರಯಿಸಬೇಕು? ರಾಯಚೂರಿನ ಅಥವಾ ಚಾಮರಾಜನಗರದ ಇಂತಹ ಪದವೀಧರರಿಗೆ ನಮ್ಮ ಕಾಲವು ತೆರೆದಿಟ್ಟಿರುವ ಒಂದು ಮಾರ್ಗವೇ ವೃತ್ತಿಸಂಪರ್ಕದ ಜಾಲತಾಣ.

ಇವುಗಳಲ್ಲಿ ಪ್ರಮುಖವಾದ ಲಿಂಕ್ಡ್‌ಇನ್, ರೀಡ್ ಹಾಫ್‌ಮನ್ ಮತ್ತು ಅವರ ಸಂಗಡಿಗರ ಪ್ರಯತ್ನದಿಂದ 2003ರ ಮೇ ತಿಂಗಳಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಗಿ, 2016ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯ ವಶವಾಯಿತು. ಇಂದು ನೂರು ಕೋಟಿಗೂ ಮಿಗಿಲಾಗಿರುವ ಅದರ ಸದಸ್ಯರಲ್ಲಿ, ಅಮೆರಿಕನ್ನರನ್ನು ಬಿಟ್ಟರೆ, ಭಾರತೀಯರ ಸಂಖ್ಯೆಯೇ ದೊಡ್ಡದು. ಅಲ್ಲಿ ಪರಸ್ಪರ ಒಪ್ಪಿಗೆಯಿಂದ ಸೇರಿಕೊಂಡವರು ಮೊದಲನೆಯ ವಲಯದವರು. ಅವರ ಪರಿಚಿತರು ಎರಡನೆಯವರು. ಆ ಪರಿಚಿತರಿಗೆ ಪರಿಚಿತರಾದವರು ಮೂರನೆಯವರು.

ಕಂಡರಿಯದವರ ಪರಿಚಯದಿಂದ ಪ್ರಯೋಜನವೇನೆಂದು ಶಂಕಿಸುವವರು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದನ್ನು ನೆನೆಯಬೇಕು. ಬಾಸ್ಟನ್ ಸಮೀಪದ ನ್ಯೂಟನ್ ಪಟ್ಟಣದಲ್ಲಿ ಪರಿಚಿತರ ಮೂಲಕ ಕೆಲಸ ದೊರಕಿಸಿಕೊಂಡವರನ್ನು ಅವರು ವಿಚಾರಿಸಿದಾಗ, ಸುದ್ದಿ ಕೊಟ್ಟ ವ್ಯಕ್ತಿಯನ್ನು ಪದೇ ಪದೇ ಕಾಣುತ್ತಿದ್ದೆವೆಂದವರು ಶೇ. 17ರಷ್ಟು ಮಾತ್ರ, ಉಳಿದವರಿಗೆ ಆತ ಆಗೊಮ್ಮೆ ಈಗೊಮ್ಮೆ ಇಲ್ಲವೆ ತೀರ ಅಪರೂಪಕ್ಕೆ ಕಾಣಸಿಗುವವನಾಗಿದ್ದನು. ನಮ್ಮ ಆಪ್ತರು ನಮ್ಮೊಡನೆಯೇ ಇರುವವರಾದುದರಿಂದ ಅವರಿಗೆ ತಿಳಿದ ವಾರ್ತೆ ಬಹುಮಟ್ಟಿಗೆ ನಮಗೂ ತಿಳಿದೇ ಇರುತ್ತದೆ. ಹೊಸ ವಾರ್ತೆ ದೂರದಿಂದಲೇ ಬರಬೇಕು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, ಲಿಂಕ್ಡ್‌ಇನ್ನಿನ ಸುಮಾರು ಎರಡು ಕೋಟಿ ಸದಸ್ಯರನ್ನು ಕುರಿತ ಸಂಶೋಧನೆಯು ಈ ತತ್ತ್ವವನ್ನು ಸಮರ್ಥಿಸುತ್ತಲೇ ಅದಕ್ಕೊಂದು ಮಿತಿಯನ್ನೂ ತೋರಿಸಿತು: ಹೆಚ್ಚು ಉಪಕಾರಿಗಳಾದವರು ತೀರ ಆಪ್ತರೂ ಅಲ್ಲ, ಯಾವ ನಂಟೂ ಇಲ್ಲದವರೂ ಅಲ್ಲ, ಕೆಲವರಾದರೂ ಸಮಾನ ಪರಿಚಿತರುಳ್ಳ ಮಧ್ಯಮ ದೂರದವರು.

ಆದುದರಿಂದ ತಾನು ಓದಿದ ಕಾಲೇಜಿನಿಂದ ಮುಂಚೆಯೇ ಹೊರಬಿದ್ದವರನ್ನು, ತನ್ನ ಅಧ್ಯಾಪಕರ ಪರಿಚಿತರನ್ನು ಮೊದಲು ಅರಸುವುದು ವಿವೇಕ. ಬರೆಯುವಾಗ ತಾನು ಯಾರು, ಅವರನ್ನೇ ಆರಿಸಿಕೊಂಡ ಕಾರಣವೇನು, ಅಪೇಕ್ಷೆ ಏನು ಎಂಬ ಮೂರನ್ನು ನಾಲ್ಕು ಸಾಲಿನಲ್ಲಿ ವಿನಯದಿಂದ ನಿವೇದಿಸಿದರೆ ಸಾಕು. ಹೆಸರನ್ನೂ ಹೇಳದೆ ರಿಕ್ವೆಸ್ಟ್ ಒತ್ತುವುದು, ಒಪ್ಪಿಗೆ ದೊರೆತ ಮರುಗಳಿಗೆಯಲ್ಲಿಯೇ ರೆಸ್ಯೂಮೆ ಕಳುಹಿಸಿ ರೆಫರಲ್ ಬೇಡುವುದು, ಉತ್ತರ ಬಾರದಿದ್ದರೆ ದಿನವೂ ಕಾಡುವುದು, ಇವು ಪರಿಚಯವನ್ನು ಮೊಳಕೆಯಲ್ಲಿಯೇ ಕೊಲ್ಲುವ ಕ್ರಮಗಳು. ಕೆಲಸವನ್ನು ಕೇಳುವುದಕ್ಕಿಂತ ಆ ಕೆಲಸದ ಸ್ವರೂಪವನ್ನು, ಅದಕ್ಕೆ ಬೇಕಾದ ಸಿದ್ಧತೆಯನ್ನು ಕೇಳುವುದು ಮೇಲು. ಏಕೆಂದರೆ ಕೆಲಸ ಕೊಡುವ ಅಧಿಕಾರ ಎಲ್ಲರಿಗೂ ಇರುವುದಿಲ್ಲ, ತಿಳಿದುದನ್ನು ಹೇಳುವ ಶಕ್ತಿ ಎಲ್ಲರಿಗೂ ಇರುತ್ತದೆ.

ಎಚ್ಚರವೂ ಅಷ್ಟೇ ಅವಶ್ಯಕ. ಕಂಪನಿಯ ಎಚ್‌ಆರ್ ಎಂದು ಹೇಳಿಕೊಂಡು, ನೋಂದಣಿ ಶುಲ್ಕವೆಂದೋ ತರಬೇತಿಯ ಠೇವಣಿಯೆಂದೋ ಹಣ ಕೇಳುವವರು, ಒಟಿಪಿ ಅಥವಾ ಆಧಾರ್ ಪ್ರತಿಯನ್ನು ಅವಸರದಿಂದ ಬೇಡುವವರು ವಂಚಕರೆಂದೇ ತಿಳಿಯಬೇಕು. ಹಣ ಕಳೆದುಕೊಂಡವರು ನಾಚದೆ, ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ದೂರು ಕೊಡತಕ್ಕದ್ದು.

ಇನ್ನು ಈಗಾಗಲೇ ನೆಲೆ ಕಂಡವರಿಗೆ ಒಂದು ಬಿನ್ನಹ. ಅರಿಯದ ಊರಿನಿಂದ, ತಪ್ಪುತಡೆಗಳಿಂದ ಕೂಡಿದ ಭಾಷೆಯಲ್ಲಿಯೇ ಆಗಲಿ, ಪ್ರಾಮಾಣಿಕವಾದ ಪ್ರಶ್ನೆಯೊಂದು ಬಂದಾಗ ಎರಡು ಸಾಲಿನ ಉತ್ತರವನ್ನು ಬರೆಯಿರಿ. ಶಿಫಾರಸಿನ ಬಲವಿಲ್ಲದವರಿಗೂ ಅವಕಾಶದ ವಾರ್ತೆ ತಲಪುವಂತಾಗುವುದು ಆ ಉತ್ತರದಿಂದಲೇ.