ಕಡಲಿಗೆ ಹೊರಡುವ ಮುನ್ನ ಘಟ್ಟ ಆರಿಸಿಕೊಳ್ಳಿ

ಶಿವಮೊಗ್ಗ: ಪರೀಕ್ಷೆಗಳು ಮುಗಿದೊಡನೆ ಶಿವಮೊಗ್ಗ, ಭದ್ರಾವತಿಯ ಕುಟುಂಬಗಳು ಕಾರಿನಲ್ಲಿ ಕರಾವಳಿಗೆ ಹೊರಡುವುದು ವಾಡಿಕೆ. ಯಾವ ಕಡಲತೀರವೆಂದು ಮನೆಮಂದಿಯೆಲ್ಲ ಚರ್ಚಿಸುತ್ತಾರೆ. ಯಾವ ಘಟ್ಟ ಇಳಿದು ಯಾವುದನ್ನು ಹತ್ತಬೇಕೆಂದು ಯೋಚಿಸುವವರು ವಿರಳ.

ತೀರ್ಥಹಳ್ಳಿ ಮಾರ್ಗವಾಗಿ ಉಡುಪಿಗೆ ಹೋಗುವವರಿಗೆ ಆಗುಂಬೆ ಘಾಟಿಯೇ ಹತ್ತಿರ. ತಿರುವುಗಳು ಇಕ್ಕಟ್ಟಾದ್ದರಿಂದ ಇಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಸೂರ್ಯಾಸ್ತದ ಆಸೆಯಿಂದ ಮರಳುವಾಗ ಆಗುಂಬೆಯನ್ನು ಆರಿಸಿಕೊಳ್ಳುವವರುಂಟು. ಆದರೆ ಸೂರ್ಯ ಮುಳುಗಿದ ಮೇಲೆ ಶಿವಮೊಗ್ಗಕ್ಕೆ ಇನ್ನೂ ಸುಮಾರು 90 ಕಿ.ಮೀ. ಕತ್ತಲ ಹಾದಿ, ಭದ್ರಾವತಿಗೆ ಮತ್ತಷ್ಟು ದೂರ. ಅದು ಚಾಲಕನೊಬ್ಬನಿಗೇ ನೆನಪಿರುತ್ತದೆ!

ಆದ್ದರಿಂದ ಬೆಳಗಿನಲ್ಲೇ ಆಗುಂಬೆ ಇಳಿಯುವುದು ಲೇಸು. ಬ್ರೇಕನ್ನೇ ನೆಚ್ಚದೆ ಕೆಳ ಗೇರಿನಲ್ಲಿ ಸಾಗಬೇಕು. ಏರಿ ಬರುವ ವಾಹನಕ್ಕೆ ದಾರಿ ಬಿಡಬೇಕು. ಉಡುಪಿಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ತಿರುಗಿದರೆ ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಮತ್ತೊಂದು ಬದಿಗೆ ಸೌಪರ್ಣಿಕಾ ನದಿ. ಮುರ್ಡೇಶ್ವರ ದಾಟಿ ಹೊನ್ನಾವರ ತಲುಪಿದರೆ ಸಾಗರ, ಶಿವಮೊಗ್ಗಗಳ ಮೂಲಕ ಭದ್ರಾವತಿಗೆ ನೇರ ಹೆದ್ದಾರಿ. ಹಳೆಯ 206, ಈಗಿನ 69. ದಾರಿಯ ಬಳಿಯೇ ಜೋಗವಿದ್ದರೂ ಬೇಸಿಗೆಯಲ್ಲಿ ಅಲ್ಲಿ ಜಲವೈಭವ ನಿರೀಕ್ಷಿಸಬಾರದು. ಶರಾವತಿಯ ನೀರು ಲಿಂಗನಮಕ್ಕಿಯಲ್ಲಿ ತಡೆದು ನಿಂತಿರುತ್ತದೆ.

ಕೊಲ್ಲೂರಿಗೆ ಹೋಗುವವರಿಗೆ ಈಗ ಇನ್ನೊಂದು ಅನುಕೂಲ. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಗೊಂಡ ಬಳಿಕ ಹಿನ್ನೀರು ದಾಟಲು ಲಾಂಚಿಗಾಗಿ ಕಾಯಬೇಕಿಲ್ಲ.

ಪ್ರವಾಸವನ್ನು ಮೇ ಮಧ್ಯದೊಳಗೆ ಮುಗಿಸುವುದು ಒಳಿತು. ಮುಂಗಾರು ಸಮೀಪಿಸಿದಂತೆ ಕಡಲು ಒರಟಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೂ ಮೀನುಗಾರಿಕೆಗೆ ಇಳಿಯುವಂತಿಲ್ಲ. ಘಟ್ಟದ ಮೇಲಿನ ಕೆರೆ, ಹೊಳೆಗಳಲ್ಲಿ ಈಜು ಕಲಿತವರು ಅಲೆಯ ಸೆಳೆತವನ್ನು ಅದೇ ಲೆಕ್ಕದಲ್ಲಿ ಅಳೆಯಬಾರದು.