‘ಏನೂ ಇಲ್ಲ, ಮನೆಯಲ್ಲೇ ಇದ್ದೇನೆ’

“ನೀವೇನು ಕೆಲಸ ಮಾಡುತ್ತೀರಿ?” ಎಂದು ಕೇಳಿದರೆ ನಮ್ಮ ಹೆಚ್ಚಿನ ಗೃಹಿಣಿಯರ ಉತ್ತರ ಒಂದೇ: “ಏನೂ ಇಲ್ಲ, ಮನೆಯಲ್ಲೇ ಇದ್ದೇನೆ.” ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಆರಿಸುವವಳೇ ಹೀಗೆ ಹೇಳುತ್ತಾಳೆ.

ದಕ್ಷಿಣ ಕನ್ನಡದ ಬೀಡಿ ಕಟ್ಟುವ ಮಹಿಳೆಯರನ್ನೇ ನೋಡಿ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಸುತ್ತಿ, ನೂಲು ಕಟ್ಟಿ ಸಾವಿರದ ಲೆಕ್ಕದಲ್ಲಿ ಒಪ್ಪಿಸಬೇಕು. ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು, ಮಗಳ ಮದುವೆಯ ಚಿನ್ನ ಎಲ್ಲವೂ ಆ ಮೊರದಿಂದಲೇ ಬಂದಿದೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಕಾರ್ಮಿಕರ ಕಾಯಿದೆ ಒಪ್ಪಿತ್ತು. ಮನೆಯವರಿಗೆ ಮಾತ್ರ ಅದು “ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು.” ಪಾಸ್‌ಬುಕ್ ಅತ್ತೆಯ ಹೆಸರಲ್ಲಿ, ಬೆನ್ನುನೋವು ಸೊಸೆಗೆ ಎಂಬ ಮನೆಗಳೂ ಇವೆ!

ಈ ‘ಬಿಡುವು’ ಎಲ್ಲಿದೆ? 2024ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೇ ಕೊಡುತ್ತಾಳೆ. ಗಂಡಸು 88 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ; ಅಂಥವರು ನೂರಕ್ಕೆ 27 ಮಂದಿ ಮಾತ್ರ. ಉಳಿದವರಿಗೆ ಚಹಾದ ಲೋಟ ಎತ್ತಿಡಲೂ ತಂಗಿಯನ್ನು ಕರೆಯುವ ಅಭ್ಯಾಸವನ್ನು ಚಿಕ್ಕಂದಿನಲ್ಲೇ ಮಾಡಿಸಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಸರಕಾರದ ಕಡತಗಳೂ ಹಿಂದೆ ಬಿದ್ದಿರಲಿಲ್ಲ. 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆಗೆ ‘ಕೆಲಸ ಮಾಡದವರ’ ಪಟ್ಟಿಗೆ ಸೇರಿಸಿತ್ತು. ರಸ್ತೆ ಅಪಘಾತದಲ್ಲಿ ಮೃತಪಟ್ಟ ಗೃಹಿಣಿಯೊಬ್ಬರ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಂಡಿಸಿ, ಎರಡೂವರೆ ಲಕ್ಷದ ಪರಿಹಾರವನ್ನು ಆರು ಲಕ್ಷಕ್ಕೆ ಏರಿಸಿತು. 2021ರ ಇನ್ನೊಂದು ತೀರ್ಪಿನಲ್ಲಿ ಗೃಹಿಣಿಯ ದುಡಿಮೆಗೆ ಆದಾಯದ ಬೆಲೆ ಕಟ್ಟುವುದು ಸರಿಯೇ ಎಂದಿತು. ಆಕೆ ಬದುಕಿರುವಾಗ ಈ ಲೆಕ್ಕ ಹಾಕುವವರು ಯಾರು?

ಗಣತಿಯವರು ಬಾಗಿಲಿಗೆ ಬಂದಾಗ ಬೀಡಿ ಕಟ್ಟುವವಳು, ಬಟ್ಟೆ ಹೊಲಿಯುವವಳು, ಉಪ್ಪಿನಕಾಯಿ ಮಾಡಿ ಮಾರುವವಳು ಅದನ್ನು ಕೆಲಸವೆಂದೇ ಬರೆಸಲಿ. “ಅವಳು ಹೌಸ್‌ವೈಫ್, ಹಾಗೇ ಬರೆಯಿರಿ” ಎಂದು ಯಜಮಾನರು ನಡುವೆ ಬಾಯಿ ಹಾಕಿದರೆ ಪಾಸ್‌ಬುಕ್ ತಂದು ತೋರಿಸಬಹುದು.